ಕನ್ನಡಕದಮ್ಮ ತುಂಬಿಸಿದ ಕುರ್ಚಿ

ಮೂಲೆಯ ಕನ್ನಡಕದ ಅಂಗಡಿಗೆ ಬರುವವರು ಯಜಮಾನರನ್ನು ಕೇಳುವುದಿಲ್ಲ. "ಕನ್ನಡಕದಮ್ಮ ಇದ್ದಾರಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ. ಇಲ್ಲವೆಂದರೆ ನಾಳೆ ಬರುತ್ತೇವೆಂದು ಹೊರಟುಬಿಡುತ್ತಾರೆ. ಯಜಮಾನರಿಗೆ ಒಳಗೊಳಗೇ ಉರಿಯುತ್ತದೆ, ಆದರೆ ತುಟಿ ಪಿಟಕ್ಕೆನ್ನುವುದಿಲ್ಲ. ಕಣ್ಣು ಪರೀಕ್ಷೆಯನ್ನು ಅವರು ಮಾಡಿಯಾರು. ಕನ್ನಡಕವನ್ನು ಮೂಗಿನ ಮೇಲೆ ನೆಟ್ಟಗೆ ಕೂರಿಸುವುದು ಅವಳಿಗೇ ಆಗಬೇಕು. ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು, ಮೆತ್ತಗಾದ ಮೇಲೆ ಹೆಬ್ಬೆರಳಿನಿಂದ ಇಷ್ಟೇ ಇಷ್ಟು ಬಾಗಿಸಿ, ಕಿವಿಯ ಹಿಂದೆ ಸಿಕ್ಕಿಸಿ, "ತಲೆ ಬಗ್ಗಿಸಿ, ಈಗ ಜೋರಾಗಿ ಅಲ್ಲಾಡಿಸಿ" ಎನ್ನುತ್ತಾಳೆ. ಕನ್ನಡಕ ಜಾರುವುದಿಲ್ಲ.

ಈ ಕೆಲಸದಲ್ಲಿ ಇನ್ನೊಂದು ಸಂಗತಿ ಇದೆ. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟವರಿಗೆ ಎದುರಿಗಿರುವವಳ ಮುಖ ಮಸುಕಾಗುತ್ತದೆ. ಮುಖ ಕಾಣದಿದ್ದರೆ ಸಂಕೋಚವೂ ಇರುವುದಿಲ್ಲವೋ ಏನೋ, ಮನೆಯೊಳಗಿನ ಮಾತೆಲ್ಲ ಹೊರಗೆ ಬರುತ್ತದೆ. ಸೊಸೆಯ ದೂರು, ಗಂಡನ ಗೊರಕೆ, ಅಣ್ಣತಮ್ಮಂದಿರ ಮನಸ್ತಾಪ, ಎಲ್ಲವನ್ನೂ ಕೇಳಿ ಅವಳು ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ. ಒಳ್ಳೆಯ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಗಳಿಕೆ ಇಷ್ಟಕ್ಕೆ ಸಾಕು. ಆ ಒಳ್ಳೆಯತನದಿಂದಲೇ ಅವಳು ಇನ್ನೊಂದು ಮನೆಗೆ ಮಾಡಿದ್ದೇನು ಅನ್ನುವುದನ್ನೂ ಹೇಳಬೇಕಲ್ಲ.

ಮಗ ಸೈನ್ಯಕ್ಕೆ ಸೇರಿದ ದಿನದಿಂದ ಅವಳಿಗೆ ಹಳೆಯ ಸೈನಿಕರನ್ನು ಕಂಡರೆ ಎಲ್ಲಿಲ್ಲದ ಗೌರವ. ಬಂದವರು ಮಾಜಿ ಸೈನಿಕರೆಂದು ಗೊತ್ತಾದರೆ ಸಾಕು, ಎದ್ದು ನಿಲ್ಲುತ್ತಾಳೆ. ಅವರ ಗಾಜನ್ನು ಎರಡೆರಡು ಸಲ ಒರೆಸುತ್ತಾಳೆ. ಸಡಿಲವಾಗದ ಸ್ಕ್ರೂವನ್ನೂ ಬಿಚ್ಚಿ ಹೊಸದು ಹಾಕುತ್ತಾಳೆ. ಕೊನೆಗೆ, "ನಿಮ್ಮಂಥವರಿಂದಾನೇ ನಾವೆಲ್ಲ ನೆಮ್ಮದಿಯಾಗಿ ಮಲಗ್ತೀವಿ ಅಣ್ಣಾ" ಎನ್ನುತ್ತಾಳೆ. ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವವನು, ಬಾಯಿ ಸ್ವಲ್ಪ ಜಾಸ್ತಿ. "ನಾನೂ ಒಂದು ಹಳೇ ಟೋಪಿ ಹಾಕ್ಕೊಂಡು ಅಂಗಡಿಗೆ ಬರ್ಲಾ? ಆಗಲಾದ್ರೂ ನನ್ನ ಕನ್ನಡಕದ ಮೇಲಿನ ಸುಣ್ಣ ಒರೆಸ್ತೀಯೇನೋ" ಎಂದು ಛೇಡಿಸುತ್ತಾನೆ.

ಕೃತಜ್ಞತೆ ನಿಜವಾದದ್ದೇ. ಆದರೆ ಅದರ ಜೊತೆಗೆ ಇನ್ನೊಂದು ಬೆರೆತಿತ್ತು, ಅದನ್ನು ಅವಳು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಇವರೆಲ್ಲ ಹೋಗಿ ಬಂದವರು. ಅವರ ಕಿವಿಯ ಹಿಂದೆ ಬೆರಳಿಟ್ಟಾಗ ಅವಳಿಗೆ ಅನಿಸುತ್ತಿದ್ದುದು ಒಂದೇ, ಹೋದವರು ಬರುತ್ತಾರೆ. ಆ ಧೈರ್ಯಕ್ಕಾಗಿ ಅವಳು ಎಷ್ಟು ಗಾಜನ್ನಾದರೂ ಒರೆಸುತ್ತಿದ್ದಳು.

ಇನ್ನು ದೊಡ್ಡ ರಜೆಯ ಮಾತು. ವರ್ಷದ ಕೊನೆಯಲ್ಲಿ ಊರಿಗೆ ಊರೇ ಬಾಗಿಲು ಹಾಕುವ ಆ ದಿನ ಅವಳ ಮನೆಯಲ್ಲಿ ಮಧ್ಯಾಹ್ನದ ಊಟಕ್ಕೆ ಎಲ್ಲರೂ ಸೇರಲೇಬೇಕು. ಮೇಜು ಸಾಲುವುದಿಲ್ಲ. ಹಾಗಾಗಿ ಗಂಡ ಬೆಳಿಗ್ಗೆಯೇ ಮಲಗುವ ಕೋಣೆಯ ಬಾಗಿಲನ್ನು ಕಳಚಿ, ಬಣ್ಣದ ಡಬ್ಬಗಳ ಮೇಲೆ ಮಲಗಿಸಿ, ಅದರ ಮೇಲೆ ಬಟ್ಟೆ ಹಾಸುತ್ತಾನೆ. ಬಾಗಿಲ ಹಿಡಿಕೆ ಇರುವ ಜಾಗದಲ್ಲಿ ತಟ್ಟೆ ಇಟ್ಟವರಿಗೆ ಸಾರು ವಾಲುತ್ತದೆ, ಆ ಜಾಗ ಯಾವಾಗಲೂ ನಾದಿನಿಗೆ. ಅವಳು ಪ್ರತಿ ವರ್ಷವೂ ಗೊಣಗುತ್ತಾಳೆ, ಪ್ರತಿ ವರ್ಷವೂ ಅಲ್ಲೇ ಕೂರುತ್ತಾಳೆ.

ಊಟದ ಜೊತೆಗೊಂದು ಆಟ. ಅದು ಮಾವನವರ ಕಾಲದ್ದು. ಬಡಿಸುತ್ತಿರುವಾಗ ಪ್ರತಿಯೊಬ್ಬರೂ ಆ ವರ್ಷದ ತಮ್ಮದೊಂದು ಸುದ್ದಿ ಹೇಳಬೇಕು. ನಿಜವಾದರೂ ಸರಿ, ಸುಳ್ಳಾದರೂ ಸರಿ. ಅನುಮಾನ ಬಂದವರು "ಬುರುಡೆ!" ಎಂದು ಕೂಗಬೇಕು. ಸುಳ್ಳು ಹೇಳಿ ಸಿಕ್ಕಿಬಿದ್ದವರು ಪಾತ್ರೆ ತೊಳೆಯಬೇಕು. ಸಿಕ್ಕಿಬೀಳದವರು ಊಟ ಮುಗಿದ ಮೇಲೆ ತಾವೇ ಒಪ್ಪಿಕೊಂಡು ಚಪ್ಪಾಳೆ ಗಿಟ್ಟಿಸಬೇಕು. ಮಗ ಈ ಆಟದಲ್ಲಿ ಎತ್ತಿದ ಕೈ. ಸೈನ್ಯಕ್ಕೆ ಆಯ್ಕೆಯಾದೆ ಎಂದು ಅವನು ಹೇಳಿದ್ದೂ ಇದೇ ಊಟದಲ್ಲಿ. ಎಲ್ಲರೂ ಒಟ್ಟಿಗೆ ಬುರುಡೆ ಎಂದು ಕೂಗಿದ್ದರು. ಅವನು ನಗಲಿಲ್ಲ.

ಅವನು ಹೋದ ಮೇಲಿನ ಮೊದಲ ದೊಡ್ಡ ರಜೆಯಲ್ಲಿ ಕಿಟಕಿ ಪಕ್ಕದ ಅವನ ಕುರ್ಚಿ ಖಾಲಿ ಉಳಿಯಿತು. ನಾದಿನಿ ಅದರ ಮೇಲೆ ತನ್ನ ಚೀಲ ಇಟ್ಟಳು. ಇಟ್ಟದ್ದೇ ತಡ, ಕನ್ನಡಕದಮ್ಮ ಆ ಚೀಲವನ್ನು ತೆಗೆದು ಅಂಗಳಕ್ಕೆ ಎಸೆದಳು. ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ ಅವಳು. ಅವಳು ತುತ್ತು ಎತ್ತಲಿಲ್ಲ. ಖಾಲಿ ಕುರ್ಚಿಯನ್ನು ನೋಡುತ್ತ ಅವಳ ತಲೆಗೆ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ. ಸೈನ್ಯದಲ್ಲಿ ಮಕ್ಕಳಿರುವ ತಾಯಂದಿರಿಗೆ ಅದು ಬರೆಯದೆಯೂ ಗೊತ್ತು.

ಮರುವರ್ಷ ರಜೆಗೆ ಸ್ವಲ್ಪ ಮುಂಚೆ ಅಂಗಡಿಗೆ ಕ್ಯಾಪ್ಟನ್ ಬಂದರು. ಕ್ಯಾಪ್ಟನ್ ಅನ್ನುವುದು ಅವರ ಬಡಾವಣೆಯವರು ಪ್ರೀತಿಗೆ ಇಟ್ಟ ಹೆಸರು. ಅವರು ಸೈನ್ಯದಲ್ಲಿ ಕೊನೆಯವರೆಗೂ ಲಾರಿ ಓಡಿಸಿದವರು. ಊರಿನ ಆ ಕೊನೆಯಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು. ಗಂಭೀರ ಮುಖ, ಅಳೆದು ತೂಗಿ ಮಾತು. ಅವರ ಕನ್ನಡಕದ ಕಡ್ಡಿ ಬಾಗಿಸುತ್ತ ಅವಳು ಇದ್ದಕ್ಕಿದ್ದಂತೆ ಕೇಳಿಬಿಟ್ಟಳು. "ಅಣ್ಣಾ, ದೊಡ್ಡ ರಜೆ ದಿನ ನಮ್ಮನೇಲಿ ಊಟ ಮಾಡ್ತೀರಾ? ನನ್ನ ಮಗನ ಜಾಗದಲ್ಲಿ ಒಬ್ಬ ಸೈನಿಕ ಕೂತ್ರೆ ನನಗೆ ನೆಮ್ಮದಿ." ಅವರು ಒಂದು ಕ್ಷಣ ಯೋಚಿಸಿ, "ಸ್ವಲ್ಪ ಹೊತ್ತು ಬಂದು ಹೋಗ್ತೀನಿ ತಂಗಿ" ಎಂದರು.

ಬಂದರು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ಆಟದ ನಿಯಮವನ್ನು ಗಂಡ ವಿವರಿಸಿದ. ಅವರ ಸರದಿ ಬಂದಾಗ ಕ್ಯಾಪ್ಟನ್ ತಟ್ಟೆಯನ್ನೇ ನೋಡುತ್ತ, "ನನಗೇನ್ ಸುದ್ದಿ. ಮನೇಲಿ ನನಗಾಗಿ ಕಾಯೋರು ಯಾರೂ ಇಲ್ಲ" ಎಂದರು.

ಯಾರೂ ಬುರುಡೆ ಎನ್ನಲಿಲ್ಲ. ಇಂಥ ಮುಖದ ಮನುಷ್ಯ, ಇಂಥ ಮಾತು, ಪಾಪ, ಆಟ ಅರ್ಥವಾಗದೆ ಮನಸ್ಸಿನಲ್ಲಿದ್ದುದನ್ನು ಹೇಳಿಬಿಟ್ಟರು ಎಂದುಕೊಂಡರು. ಕನ್ನಡಕದಮ್ಮನ ಕಣ್ಣಲ್ಲಿ ನೀರು ಬಂತು. ಅವಳು ಎದ್ದುಹೋಗಿ ಅವರ ತಟ್ಟೆಗೆ ಇನ್ನಷ್ಟು ಬಡಿಸಿ, "ಇನ್ಮೇಲೆ ಪ್ರತಿ ವರ್ಷ ಈ ಕುರ್ಚಿ ನಿಮ್ಮದೇ ಅಣ್ಣಾ. ಕಾಯೋರು ಯಾರೂ ಇಲ್ಲ ಅಂತ ಇನ್ನೊಂದು ಸಲ ಅನ್ನಬೇಡಿ" ಎಂದಳು. ಗಂಡ ಕೂಡ ಮೂಗೊರೆಸಿಕೊಂಡ. ಊಟವಾದ ಮೇಲೆ ಸುಳ್ಳು ಒಪ್ಪಿಕೊಳ್ಳುವ ಹೊತ್ತಿನಲ್ಲಿ ಕ್ಯಾಪ್ಟನ್ ಬಾಯಿ ತೆರೆದರು, ಸುತ್ತಲಿನ ಮುಖಗಳನ್ನು ನೋಡಿದರು, ಮತ್ತೆ ಮುಚ್ಚಿದರು. ಅವರು ಆ ದಿನ ಹೇಳಲು ಹೊರಟದ್ದೇನೆಂದು ಅವಳಿಗೆ ಗೊತ್ತಾಗಲು ವರ್ಷಗಳೇ ಬೇಕಾದವು.

ಆಮೇಲೆ ಅವರು ತಪ್ಪದೆ ಬಂದರು. ಅವಳು ಮಗನಿಗೆ ಫೋನಿನಲ್ಲಿ ಹಿಗ್ಗಿನಿಂದ ಹೇಳಿದಳು. "ನಿನ್ನ ಕುರ್ಚಿ ಖಾಲಿ ಇಲ್ಲ ಕಣೋ. ನಾನು ಹೊಟ್ಟೆ ತುಂಬ ಊಟ ಮಾಡ್ದೆ. ನೀನೇನೂ ಯೋಚ್ನೆ ಮಾಡ್ಬೇಡ." ಮಗ ಕ್ಯಾಪ್ಟನ್ನರ ನಂಬರನ್ನೂ ತೆಗೆದುಕೊಂಡ. ರಜೆಯ ದಿನಕ್ಕೆ ಅವನು ಬರಲಿಲ್ಲ. ಬೇರೆ ದಿನಗಳಲ್ಲಿ ಬಂದು ಹೋದ. ಕಾರಣ ಕೇಳಿದರೆ "ಅವತ್ತು ಮನೆಗೆ ಬರೋ ಸರದಿ ನನಗೆ ಸಿಗಲಿಲ್ಲಮ್ಮ" ಎನ್ನುತ್ತಿದ್ದ.

ಈ ಸಲ ರಜೆ ಹತ್ತಿರ ಬಂದಾಗ ಅಂಗಡಿಗೆ ಒಬ್ಬ ದುಂಡು ಮುಖದ ವಯಸ್ಸಾದ ಹೆಂಗಸು ಬಂದಳು. ಹೊಸ ಕನ್ನಡಕ, ಒಲೆಯ ಮುಂದೆ ಬಗ್ಗಿದರೆ ಪಾತ್ರೆಯೊಳಕ್ಕೆ ಬೀಳುವಷ್ಟು ಸಡಿಲ. "ನಮ್ಮವರದು ಇಲ್ಲೇ ಮಾಡಿಸಿದ್ದು, ಒಂಚೂರೂ ಜಾರಲ್ಲ. ಅದಕ್ಕೇ ಹುಡುಕ್ಕೊಂಡು ಬಂದೆ. ರಜೆಗೆ ಮನೆ ತುಂಬ ಜನ, ನೋಡಮ್ಮ, ಕಣ್ಣೇ ಕಾಣದೆ ಅಡುಗೆ ಹ್ಯಾಗೆ ಮಾಡ್ಲಿ?"

ಕನ್ನಡಕದಮ್ಮ ಕನ್ನಡಕ ತೆಗೆದುಕೊಂಡು ಬಿಸಿ ಗಾಳಿಗೆ ಹಿಡಿದಳು. ಆ ಹೆಂಗಸು ಮಸುಕು ಕಣ್ಣನ್ನು ಕಿರಿದಾಗಿಸಿಕೊಂಡು ಮಾತಿಗೆ ಕೂತಳು. ಇಬ್ಬರು ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು, ಎಲ್ಲ ಬರುತ್ತಾರೆ.

"ಎಲ್ಲ ಬಂದು ಏನ್ ಪ್ರಯೋಜನ? ಮಧ್ಯಾಹ್ನದ ಊಟ ನಾವು ಮಾಡೋದು ಸಂಜೆಗೆ. ಮಕ್ಕಳು ಹಸಿವು ಹಸಿವು ಅಂತ ತಲೆ ತಿಂತಾವೆ. ಅವರಜ್ಜ ಬಾರದೆ ಯಾರೂ ತಟ್ಟೆಗೆ ಕೈ ಹಾಕಲ್ಲ."

"ಎಲ್ಲಿಗೆ ಹೋಗ್ತಾರೆ ಅಕ್ಕಾ?"

"ಯಾವಳೋ ಒಬ್ಬಳು ತಾಯಿ. ಮಗ ಸೈನ್ಯದಲ್ಲಂತೆ. ಅವನ ಕುರ್ಚಿ ಮೇಲೆ ಇವರನ್ನ ಕೂರಿಸಿ ಊಟ ಹಾಕ್ತಾಳಂತೆ. ಮೊದಲ ವರ್ಷ ಏನೋ ಆಟದಲ್ಲಿ ತಮಾಷೆಗೆ ನನಗ್ಯಾರೂ ಇಲ್ಲ ಅಂದ್ರಂತೆ, ಅವರೆಲ್ಲ ನಿಜ ಅಂತ ಅತ್ತುಬಿಟ್ರಂತೆ. ಇವರಿಗೆ ಬಾಯೇ ಬರಲಿಲ್ಲ. ಲಾರಿ ಓಡಿಸೋಕೆ ಬರತ್ತೆ, ಇಲ್ಲ ಅನ್ನೋಕೆ ಬರಲ್ಲ ನಮ್ಮೆಜಮಾನ್ರಿಗೆ. ಅಲ್ಲಿ ಹೊಟ್ಟೆ ಬಿರಿಯ ತಿಂದು, ಬಸ್ಸಲ್ಲಿ ಬಂದು, ಮತ್ತೆ ನಮ್ಮ ಜೊತೆ ತಿಂತಾರೆ. ಮಕ್ಕಳಿಗೆ ಬೇಜಾರಾಗಬಾರದಲ್ಲ. ಸಕ್ಕರೆ ಕಾಯಿಲೆ ಬೇರೆ, ಡಾಕ್ಟರು ಬೈತಾರೆ."

ಕನ್ನಡಕದಮ್ಮ ಕಡ್ಡಿಯನ್ನು ಬಿಸಿ ಗಾಳಿಯಿಂದ ತೆಗೆಯುವುದನ್ನೇ ಮರೆತಳು. ಕಡ್ಡಿ ಬೆರಳು ಸುಡುವಷ್ಟು ಕಾದಿತ್ತು, ಅವಳಿಗೆ ಅದು ಗೊತ್ತಾಗಲಿಲ್ಲ.

"ಸರ್ವೀಸಲ್ಲಿದ್ದಾಗ ಈ ರಜೆಗೆ ಮನೇಲಿದ್ದದ್ದೇ ಅಪರೂಪ ಕಣಮ್ಮ. ರಿಟೈರಾದ ಮೇಲೆ ಈ ಒಂದು ದಿನ ನನ್ನದು ಅಂದ್ಕೊಂಡಿದ್ದೆ." ಆಕೆ ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಬೈಯೋಣ ಅಂದ್ರೂ ಬಾಯಿ ಬರಲ್ಲ. ಆ ತಾಯಿ ಸಂಕಟ ನನಗೆ ಗೊತ್ತಿಲ್ವಾ? ಅದನ್ನ ನಾನು ವರ್ಷಗಟ್ಟಲೆ ತಿಂದಿದ್ದೀನಿ."

ಆ ಕ್ಷಣ ಹೇಳಿಬಿಡಬಹುದಿತ್ತು. ಅಕ್ಕಾ, ಆ ತಾಯಿ ನಾನೇ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಅವಳು ಕಡ್ಡಿ ಬಾಗಿಸಿ, ಆರಿಸಿ, ಆ ದುಂಡು ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಕನ್ನಡಕ ಕೂರಿಸಿ, ಅಂಜುತ್ತ ಹಿಂದೆ ಸರಿದು, "ತಲೆ ಬಗ್ಗಿಸಿ ಅಕ್ಕಾ" ಎಂದಳು. ಆಕೆ ತಲೆ ಬಗ್ಗಿಸಿ ಅಲ್ಲಾಡಿಸಿ, ಖುಷಿಯಾಗಿ, ಈಗ ಸ್ಪಷ್ಟವಾಗಿ ಕಾಣುತ್ತಿದ್ದ ಕನ್ನಡಕದಮ್ಮನ ಮುಖಕ್ಕೆ, "ನಿನ್ನ ಕೈ ತಣ್ಣಗಿರಲಿ ತಾಯಿ" ಎಂದು ಹರಸಿ ಹೋದಳು. ಕನ್ನಡಕದಮ್ಮ ಒಳಗಿನ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಸುಟ್ಟ ಬೆರಳನ್ನು ನೀರಿಗೆ ಹಿಡಿದು ನಿಂತಳು. ನಾಚಿಕೆಯಿಂದ ಮೈ ಮುದುಡಿಹೋಗಿತ್ತು. ತನಗೆ ಆದದ್ದನ್ನೇ ತಾನು ಇನ್ನೊಬ್ಬಳಿಗೆ ಮಾಡಿದ್ದಳು, ಅದಕ್ಕೆ ಗೌರವ ಅಂತ ಹೆಸರಿಟ್ಟುಕೊಂಡು.

ಇಷ್ಟಾದ ಮೇಲೆ ಅವಳು ಮಾಡಬೇಕಾದದ್ದು ಏನೆಂದು ಯಾರಿಗಾದರೂ ಗೊತ್ತು. ಕ್ಯಾಪ್ಟನ್ನರಿಗೆ ಫೋನ್ ಮಾಡಿ, ಈ ವರ್ಷ ಬರಬೇಡಿ ಅಣ್ಣಾ, ನಿಮ್ಮ ಮನೆಯವರ ಜೊತೆ ಉಣ್ಣಿ ಎನ್ನುವುದು. ಅವಳು ಫೋನ್ ಮಾಡಿದಳು. ಅವರು "ಹಲೋ" ಎಂದರು. ಆ ವಾರ ಮಗನ ಫೋನ್ ಬಂದಿರಲಿಲ್ಲ. ಅವನಿದ್ದ ಕಡೆ ಹಿಮ ಬಿದ್ದರೆ ಸಿಗ್ನಲ್ ಇರುವುದಿಲ್ಲ ಎಂದು ಗೊತ್ತಿದ್ದರೂ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಇಂಥ ವರ್ಷವೇ ಕುರ್ಚಿ ಖಾಲಿ ಬಿಡುವುದೇ? ಬಿಟ್ಟ ಮೇಲೆ ಏನಾದರೂ ಆದರೆ? ಅವಳ ಬಾಯಿಂದ ಬಂದದ್ದು, "ಅಣ್ಣಾ, ರಜೆ ದಿನ ಮರೀಬೇಡಿ ಮತ್ತೆ" ಎಂದು.

"ಆಗಲಿ ತಂಗಿ" ಎಂದರು ಅವರು, ಎಂದಿನ ಹಾಗೆ.

ಫೋನ್ ಇಟ್ಟ ಮೇಲೆ ಅವಳಿಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು. ಇಲ್ಲಿಯವರೆಗೆ ಗೊತ್ತಿಲ್ಲದೆ ಕಸಿದುಕೊಂಡಿದ್ದಳು; ಈಗ ಗೊತ್ತಿದ್ದೂ ಕಸಿದುಕೊಂಡಳು. ಗಂಡನಿಗೂ ಹೇಳಲಿಲ್ಲ. ಅಂಗಡಿಗೆ ಮಾಜಿ ಸೈನಿಕರೊಬ್ಬರು ಬಂದಾಗ ಎದ್ದು ನಿಂತಳೇನೋ ಹೌದು, ಆದರೆ ಆ ಎಂದಿನ ಮಾತನ್ನು ಹೇಳದೆ ಗಾಜು ಒರೆಸಿ ಕೊಟ್ಟಳು. ಯಾವ ಬಾಯಲ್ಲಿ ಹೇಳುವುದು?

ರಜೆಯ ದಿನ ಬಾಗಿಲು ಕಳಚಿ ಮೇಜಾಯಿತು. ನಾದಿನಿ ಗೊಣಗುತ್ತ ಹಿಡಿಕೆಯ ಜಾಗದಲ್ಲಿ ಕೂತಳು. ಕನ್ನಡಕದಮ್ಮನ ಮಗಳು ಬಿಸಿ ಪಾತ್ರೆಗಳನ್ನು ತಂದಿಟ್ಟಳು. ಕ್ಯಾಪ್ಟನ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ಅವಳು ಅವರ ಮುಖ ನೋಡಲಾರದೆ ತಟ್ಟೆ ನೋಡುತ್ತ ಬಡಿಸಿದಳು. ಸ್ವಲ್ಪವೇ ಬಡಿಸಿದಳು.

"ಏನಿದು, ಕ್ಯಾಪ್ಟನ್ನರಿಗೆ ರೇಷನ್ ಕಡಿಮೆ ಮಾಡ್ಬಿಟ್ಯಾ?" ಎಂದು ಗಂಡ ಇನ್ನೆರಡು ಸೌಟು ಸುರಿದ. ಅವರು ಬೇಡ ಎನ್ನಲಿಲ್ಲ. ಇಲ್ಲ ಅನ್ನೋಕೆ ಬರಲ್ಲ ಎಂದಿದ್ದಳಲ್ಲ ಅವರ ಹೆಂಡತಿ.

ಆಟ ಶುರುವಾಯಿತು. ಎತ್ತರದ ಕಟ್ಟಡಕ್ಕೆ ಬಣ್ಣ ಬಳಿಯುವಾಗ ಹದ್ದೊಂದು ಕುಂಚ ಕಿತ್ತುಕೊಂಡು ಹೋಯಿತೆಂದು ಗಂಡ ಹೇಳಿದ. ಬುರುಡೆ ಎಂದರು, ನೋಡಿದರೆ ಅದು ನಿಜ, ಮಗಳ ಹತ್ತಿರ ಫೋಟೋ ಇತ್ತು. ಕ್ಯಾಪ್ಟನ್ನರ ಸರದಿ ಬಂತು. ಅವರು ಗಂಟಲು ಸರಿಮಾಡಿಕೊಂಡು, "ಈ ವರ್ಷ ನನ್ನ ಮೊಣಕಾಲು ನೋವು ಪೂರ್ತಿ ಹೋಯ್ತು" ಎಂದರು.

"ಬುರುಡೆ!" ಎಲ್ಲರೂ ಕೂಗಿದರು. ಮೆಟ್ಟಿಲು ಹತ್ತುವಾಗ ಅವರು ಗೋಡೆ ಹಿಡಿದದ್ದನ್ನು ಎಲ್ಲರೂ ನೋಡಿದ್ದರು. ನಾದಿನಿ ಚಪ್ಪಾಳೆ ತಟ್ಟಿದಳು. "ಸಿಕ್ಕಿಬಿದ್ರು ಕ್ಯಾಪ್ಟನ್! ಈ ಸಲ ಪಾತ್ರೆ ನಿಮ್ಮದು!" ಅವರೂ ನಕ್ಕರು. ನಗುತ್ತಲೇ, ಯಾರಿಗೂ ಕಾಣದ ಹಾಗೆ, ಕಣ್ಣನ್ನು ಒಂದು ಸಲ ಗೋಡೆ ಗಡಿಯಾರದ ಕಡೆ ಹೊರಳಿಸಿದರು.

ಕನ್ನಡಕದಮ್ಮನಿಗೆ ಕಂಡಿತು. ಅಲ್ಲೊಂದು ಮನೆಯಲ್ಲಿ ಮಕ್ಕಳು ಅಜ್ಜಿಯ ಸೆರಗು ಜಗ್ಗುತ್ತಿರುತ್ತವೆ. ಆಕೆ ಜಾರದ ಕನ್ನಡಕ ಹಾಕಿಕೊಂಡು, ಆರಿದ್ದನ್ನು ಮತ್ತೆ ಬಿಸಿ ಮಾಡುತ್ತಿರುತ್ತಾಳೆ. ಇಲ್ಲಿ ಈ ಮನುಷ್ಯ ಪಾತ್ರೆಯನ್ನೂ ತೊಳೆದು ಹೋಗಬೇಕು.

"ಎದ್ದೇಳಿ ಅಣ್ಣಾ" ಎಂದಳು ಅವಳು.

ನಗು ನಿಂತಿತು.

"ಸಾಕು, ತಿನ್ನಬೇಡಿ. ಕೈ ತೊಳ್ಕೊಂಡು ಮನೆಗೆ ಹೋಗಿ. ಅಕ್ಕ ಕಾಯ್ತಿದ್ದಾರೆ. ಮೊಮ್ಮಕ್ಕಳು ಹಸಿದು ಕೂತಿವೆ."

"ಯಾವ ಅಕ್ಕ?" ಎಂದ ಗಂಡ. ಮಗಳು ಒಮ್ಮೆ ಅಮ್ಮನನ್ನು, ಒಮ್ಮೆ ಕ್ಯಾಪ್ಟನ್ನರನ್ನು ನೋಡಿದಳು. ಕ್ಯಾಪ್ಟನ್ನರ ಮುಖ ಕೆಂಪಾಯಿತು.

"ಅವರ ಕನ್ನಡಕ ನಾನೇ ಸರಿ ಮಾಡಿದ್ದು. ಎಲ್ಲ ಹೇಳಿದ್ರು. ಅದಾದ ಮೇಲೂ ನಿಮಗೆ ಫೋನ್ ಮಾಡಿ ಬನ್ನಿ ಅಂದೆ. ಗೊತ್ತಿದ್ದೂ ಕರೆದೆ ಅಣ್ಣಾ. ನಿಮಗೆ ಮರ್ಯಾದೆ ಕೊಡೋಕಲ್ಲ ನಾನು ಕರೀತಿದ್ದದ್ದು. ಆ ಕುರ್ಚಿ ಖಾಲಿ ನೋಡೋಕೆ ನನಗೆ ಭಯ. ನನ್ನ ಭಯಕ್ಕೆ ನಿಮ್ಮನ್ನ ಮುಚ್ಚಳ ಮಾಡ್ಕೊಂಡೆ."

ಕ್ಯಾಪ್ಟನ್ ಎದ್ದು ಕೈ ತೊಳೆದುಕೊಂಡರು. ಗಂಡ, ಮಗಳು, ನಾದಿನಿ ಕೂತಲ್ಲೇ ಕೂತರು. ಅವಳು ಬಾಗಿಲವರೆಗೆ ಬಂದಳು. ಅವರು ಗೋಡೆ ಹಿಡಿದು ಒಂದು ಬೂಟು ಹಾಕಿಕೊಂಡರು, ಇನ್ನೊಂದನ್ನು ಕೈಯಲ್ಲೇ ಹಿಡಿದು ನಿಂತರು.

"ತಪ್ಪು ನಂದೂ ಇದೆ ತಂಗಿ. ಮೊದಲ ದಿನವೇ ಅದು ಸುಳ್ಳು ಅನ್ನಬೇಕಿತ್ತು. ಆಮೇಲೆ ಅನ್ನೋಕೆ ನಿಮ್ಮ ಮಗ ಬಿಡಲಿಲ್ಲ."

"ನನ್ನ ಮಗನಾ?"

"ಫೋನ್ ಮಾಡಿದ್ದ. ಎರಡು ಸಲ ರಜೆಗೆ ಅವನ ಸರದಿ ಬಂದಿತ್ತು. ಎರಡು ಸಲವೂ ಬೇರೆಯವರಿಗೆ ಬಿಟ್ಟುಕೊಟ್ಟ. ಪುಟ್ಟ ಮಕ್ಕಳಿರೋರು, ತಾಯಿಗೆ ಹುಷಾರಿಲ್ಲದೋರು. 'ನಮ್ಮನೇಲಿ ಕುರ್ಚಿ ತುಂಬಿದೆ ಸರ್, ಅಮ್ಮ ನಗ್ತಾ ಊಟ ಮಾಡ್ತಾರೆ, ನೀವು ಮಾತ್ರ ತಪ್ಪಿಸಬೇಡಿ' ಅಂದ. ನಿಮಗೆ ಹೇಳಬಾರದು ಅಂತ ಮಾತು ತಗೊಂಡ." ಅವರು ಎರಡನೇ ಬೂಟು ಹಾಕಿಕೊಂಡರು. "ನಾನೂ ಹಾಗೆ ಬಿಟ್ಟುಕೊಟ್ಟೋನೇ, ಆ ವಯಸ್ಸಲ್ಲಿ. ಮನೇಲಿ ಅದರ ಸಂಕಟ ಯಾರು ಉಣ್ತಾರೆ ಅಂತ ಆಗ ಯೋಚ್ನೆ ಮಾಡಿರಲಿಲ್ಲ."

ಅವರು ಹೋದ ಮೇಲೆ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಆ ಎರಡು ರಜೆಗಳಲ್ಲಿ ಅವನು ಇಲ್ಲಿರಬಹುದಿತ್ತು. ಈ ಮನೆಗೆ ಬರುವ ದಾರಿಯನ್ನು ತಾನೇ ಮುಚ್ಚಿದ್ದಳು, ಅದೂ ಫೋನಿನಲ್ಲಿ ನಕ್ಕು ನಕ್ಕು. ಒಳಗೆ ಬಂದರೆ ಯಾರೂ ತುತ್ತು ಎತ್ತಿರಲಿಲ್ಲ. ಗಂಡ ಏನೋ ತಮಾಷೆ ಮಾಡಲು ಹೊರಟು ಬಿಟ್ಟುಬಿಟ್ಟ. ನಾದಿನಿ ಕ್ಯಾಪ್ಟನ್ನರ ಅರ್ಧ ಉಂಡ ತಟ್ಟೆಯನ್ನು ಎತ್ತಿ ಒಳಗೆ ಇಟ್ಟು ಬಂದಳು. ಚೀಲವನ್ನು ಮಾತ್ರ ತನ್ನ ತೊಡೆಯ ಮೇಲೇ ಇಟ್ಟುಕೊಂಡಿದ್ದಳು.

ಫೋನ್ ಬಂದದ್ದು ಆಗ. ಮಗಳು ಎತ್ತಿ, "ಅವನೇ" ಎಂದು ಅಮ್ಮನ ಕೈಗೆ ಕೊಟ್ಟಳು. ಗಾಳಿಯ ಸದ್ದಿನ ನಡುವೆ ಅವನ ದನಿ ಕೇಳಿದ್ದೇ ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಅಲ್ಲೇ ಕೂತಳು.

"ಹಿಮ ಬಿದ್ದು ಲೈನೇ ಇರಲಿಲ್ಲಮ್ಮ. ಊಟ ಆಯ್ತಾ? ಸರ್ ಕೂತ್ಕೊಂಡಿದ್ದಾರಾ?"

"ಇಲ್ಲ. ಅವರನ್ನ ಅವರ ಮನೆಗೆ ಕಳಿಸ್ದೆ. ಇನ್ಮೇಲೆ ಅವರು ಬರಲ್ಲ. ನಿನ್ನ ಕುರ್ಚಿ ಖಾಲಿ ಇದೆ."

ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು.

"ಸರದಿ ಬಿಟ್ಟುಕೊಟ್ಟೆಯಂತೆ" ಎಂದಳು ಅವಳು. "ಗೊತ್ತಾಯ್ತು. ಬೈಯಲ್ಲ. ಮುಂದಿನ ಸಲ ಬಂದರೆ ನೀನೇ ತಗೋ. ಬಾ."

"ಅಮ್ಮಾ, ಇಲ್ಲೊಬ್ಬನಿದ್ದಾನೆ. ಅವನ ಅಮ್ಮ ಒಬ್ಬರೇ ಇರೋದು. ನಾನು ಬಂದ್ರೆ ಅವನು ಹೋಗೋಕಾಗಲ್ಲ. ಅವತ್ತು ಅವರ ಜೊತೆ ಯಾರೂ ಇರಲ್ಲಮ್ಮ."

ಅವಳು ಕಣ್ಣು ಮುಚ್ಚಿದಳು. ಎಂದೂ ನೋಡದ ಆ ಹೆಂಗಸು ಎಂದೂ ನೋಡದ ಒಂದು ಮನೆಯಲ್ಲಿ ತಟ್ಟೆಯ ಮುಂದೆ ಒಬ್ಬಳೇ ಕೂತದ್ದು ಅವಳಿಗೆ ಚೆನ್ನಾಗಿ ಕಂಡಿತು. ಹಾಗೆ ಕೂತವಳ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಇರದಿದ್ರೆ ಇರದಿರಲಿ" ಎಂದಳು. "ನೀನು ಬಾ."

ಮೇಜಿನ ಸುತ್ತ ಕೂತವರೆಲ್ಲ ಅವಳನ್ನು ನೋಡುತ್ತಿದ್ದರು. ನಾಚಿಕೆಯಿಂದ ಅವಳ ಮುಖ ಕೆಂಡವಾಗಿತ್ತು. ಆದರೂ ಆಡಿದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ.